ಮೃದು ಅಂಗಾಂಶ ಕತ್ತರಿಸಲು ಯಾವ ಲೇಸರ್? ಮೈಸೂರು, ಮಂಡ್ಯದ ಸಣ್ಣ ಕ್ಲಿನಿಕ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಲೇಸರ್ ಮಾರಲು ಬರುವವರು ಮೊದಲು ಹೇಳುವುದು ವ್ಯಾಟ್. "10 ವ್ಯಾಟ್ ಇದೆ ಡಾಕ್ಟ್ರೇ, ಯಾವುದು ಬೇಕಾದರೂ ಕಟ್ ಆಗುತ್ತೆ." ಆಮೇಲೆ ಬೆಲೆ, ಕಂತು, ಒಂದು ಚೆಂದದ ವಿಡಿಯೊ. ಇಷ್ಟರಲ್ಲಿ ಒಂದಾದರೂ ಗಾಯ ಹೇಗಿರುತ್ತದೆ ಅಂತ ತಿಳಿಸುವುದಿಲ್ಲ. ಅದು ಗೊತ್ತಾಗಬೇಕಾದರೆ ಮೂರು ವಿಷಯ ತಿಳಿಯಬೇಕು. ಆ ಬೆಳಕಿನ ತರಂಗಾಂತರ ಎಷ್ಟು, ಮಾಂಸದಲ್ಲಿರುವ ಯಾವ ವಸ್ತು ಅದನ್ನು ಹೀರುತ್ತದೆ, ಬಿಸಿ ಎಷ್ಟು ಆಳಕ್ಕೆ ಇಳಿಯುತ್ತದೆ.

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಮೈಸೂರಿನಲ್ಲಿ ಸಣ್ಣ ಕ್ಲಿನಿಕ್ ನಡೆಸುವ ದಂತ ವೈದ್ಯರು, ಕಿವಿ-ಮೂಗು-ಗಂಟಲಿನವರು, ಚರ್ಮದ ವೈದ್ಯರು, ಸಾಕುಪ್ರಾಣಿಗಳ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನಾನು ಹಲ್ಲಿನ ವೈದ್ಯನಾದ್ದರಿಂದ ಬಾಯಿಯ ಉದಾಹರಣೆಗಳೇ ಜಾಸ್ತಿ ಬರುತ್ತವೆ. "ಲೇಸರ್‌ನಲ್ಲಿ ಮಾಡುತ್ತೇವೆ" ಅಂತ ವೈದ್ಯರು ಹೇಳಿದಾಗ ಏನು ಕೇಳಬೇಕು ಅಂತ ತಿಳಿಯಲು ರೋಗಿಗಳೂ ಓದಬಹುದು. ಆದರೆ ಇದನ್ನು ಓದಿದ ಮಾತ್ರಕ್ಕೆ ತರಬೇತಿ ಆದಂತಲ್ಲ. ಕೈಯಲ್ಲಿ ಹಿಡಿದು, ಬಲ್ಲವರ ಎದುರು ಕಲಿಯಲೇಬೇಕು.

ಹಂತ 1: ಮೊದಲು ನಿಮ್ಮ ಕೇಸುಗಳ ಪಟ್ಟಿ

ಕ್ಯಾಟಲಾಗ್ ಪಕ್ಕಕ್ಕಿಡಿ. ಕಳೆದ ಒಂದು ವರ್ಷದ ರಿಜಿಸ್ಟರ್ ತೆಗೆದು, ಬ್ಲೇಡ್ ಅಥವಾ ಕಾಟರಿ (ಕರೆಂಟಿನ ಬಿಸಿಯಿಂದ ಕತ್ತರಿಸುವ ಸಾಧನ) ಹಿಡಿದ ಕೇಸುಗಳನ್ನೆಲ್ಲ ಬರೆದುಕೊಳ್ಳಿ. ಹಲ್ಲಿನ ಕ್ಲಿನಿಕ್ ಆದರೆ ಬೆಳೆದ ವಸಡು ಕತ್ತರಿಸುವುದು, ಬುದ್ಧಿಹಲ್ಲಿನ ಮೇಲೆ ಮುಚ್ಚಿಕೊಂಡ ವಸಡು ತೆಗೆಯುವುದು, ಮಕ್ಕಳ ನಾಲಿಗೆಯ ಕೆಳಗಿನ ಬಿಗಿದ ಎಳೆ ಬಿಡಿಸುವುದು, ತುಟಿಯ ಒಳಗಿನ ಜೊಲ್ಲಿನ ಗುಳ್ಳೆ, ವಸಡಿನ ಕಪ್ಪು ಬಣ್ಣ ತೆಗೆಯುವುದು. ನಮ್ಮ ಕಡೆ ಇದರ ಜೊತೆಗೆ ಇನ್ನೊಂದು ಗುಂಪು ಸೇರುತ್ತದೆ. ಅಡಿಕೆ, ಹೊಗೆಸೊಪ್ಪು, ಗುಟ್ಕಾ ಅಗಿಯುವವರ ಕೆನ್ನೆಯ ಒಳಗಿನ ಬಿಳಿ ಮಚ್ಚೆ. ಈ ಗುಂಪಿನ ಬಗ್ಗೆ ಕೊನೆಯ ಹಂತದಲ್ಲಿ ಬೇರೆಯಾಗಿ ಹೇಳುತ್ತೇನೆ, ಅದು ಬಹಳ ಮುಖ್ಯ.

ಪ್ರತಿ ಕೇಸಿನ ಮುಂದೆ ಎರಡು ಪ್ರಶ್ನೆಗೆ ಉತ್ತರ ಬರೆಯಿರಿ. ಇಲ್ಲಿ ರಕ್ತ ನಿಲ್ಲಿಸುವುದು ಕಷ್ಟವೋ, ಅಥವಾ ಸುತ್ತಲ ಭಾಗ ಸುಡದ ಹಾಗೆ ನೋಡಿಕೊಳ್ಳುವುದು ಕಷ್ಟವೋ? ಕತ್ತರಿಸುವ ಜಾಗದ ಕೆಳಗೆ ಏನಿದೆ: ಮೂಳೆ, ನರ, ಇಂಪ್ಲಾಂಟ್ (ಮೂಳೆಗೆ ಕೂರಿಸಿದ ಕೃತಕ ಬೇರು), ಹಲ್ಲಿನ ಬೇರು? ಮುಂದಿನದೆಲ್ಲ ಈ ಎರಡು ಉತ್ತರಗಳ ಮೇಲೇ ನಿಂತಿದೆ.

ಪಟ್ಟಿ ನೋಡಿದಾಗ ತಿಂಗಳಿಗೆ ನಾಲ್ಕೈದು ಸಣ್ಣ ಕೇಸು ಮಾತ್ರ ಇದ್ದರೆ, ಒಳ್ಳೆಯ ಎಲೆಕ್ಟ್ರೋಕಾಟರಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಚರ್ಮದ ಮೇಲೆ ನೇರವಾದ ಗೀಟು ಹಾಕಿ ಹೊಲಿಗೆ ಹಾಕುವ ಕೆಲಸಕ್ಕೆ ಬ್ಲೇಡೇ ಇವತ್ತಿಗೂ ಮೇಲು. ಬಿಸಿ ತಾಗದ ಅಂಚು ಬೇಗ ಕೂಡಿಕೊಳ್ಳುತ್ತದೆ. ಲೇಸರ್ ಗಾಯದಲ್ಲಿ ಸುಟ್ಟ ಪದರ ಮೊದಲು ಉದುರಬೇಕು, ಆಮೇಲೆ ಹೊಸ ಚರ್ಮ ಬರಬೇಕು. ಹಾಗಾಗಿ ಮೊದಲ ದಿನಗಳಲ್ಲಿ ಅದು ಬ್ಲೇಡಿನ ಗಾಯಕ್ಕಿಂತ ನಿಧಾನವಾಗಿ ಮಾಯುವುದುಂಟು. ಪೇಸ್‌ಮೇಕರ್ ಇರುವ ರೋಗಿಗಳಿಗೆ ಮಾತ್ರ ಲೇಸರ್‌ನಿಂದ ದೊಡ್ಡ ಅನುಕೂಲ ಇದೆ. ಮಾನೋಪೋಲಾರ್ ಕಾಟರಿಯ ಹಾಗೆ ಇದು ಮೈಯೊಳಗೆ ಕರೆಂಟ್ ಹರಿಸುವುದಿಲ್ಲ.

ಹಂತ 2: ಬೆಳಕನ್ನು ಹೀರುವವರು ಯಾರು?

ಮೃದು ಅಂಗಾಂಶದಲ್ಲಿ ಲೇಸರ್ ಬೆಳಕನ್ನು ಹೀರುವ ಮುಖ್ಯ ವಸ್ತುಗಳು ಮೂರು: ನೀರು, ರಕ್ತದ ಹಿಮೋಗ್ಲೋಬಿನ್, ಬಣ್ಣ ಕೊಡುವ ಮೆಲನಿನ್. ಹೀರಿದ ಬೆಳಕು ಬಿಸಿಯಾಗುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರೋಟೀನ್ ಗಟ್ಟಿಯಾಗಿ ಅಂಗಾಂಶ ಬೆಳ್ಳಗಾಗುತ್ತದೆ, ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. 100 ಡಿಗ್ರಿಗೆ ಜೀವಕೋಶದೊಳಗಿನ ನೀರು ಆವಿಯಾಗಿ ಅಂಗಾಂಶ ಬಾಯಿಬಿಡುತ್ತದೆ. ಕತ್ತರಿಸುವುದು ಅಂದರೆ ಇದೇ. ಅದಕ್ಕೂ ಮೇಲೆ ಏರುತ್ತಾ ಹೋದರೆ ಕರಿ ಹತ್ತುತ್ತದೆ. ಕರಿ ಎಲ್ಲ ತರಂಗಾಂತರವನ್ನೂ ಹೀರುತ್ತದೆ, ಇನ್ನಷ್ಟು ಬಿಸಿಯಾಗುತ್ತದೆ, ಪಕ್ಕದ ಒಳ್ಳೆಯ ಭಾಗವನ್ನೂ ಸುಡುತ್ತದೆ. ಆದ್ದರಿಂದ ಕರಿ ಕಂಡ ಕೂಡಲೇ ಒದ್ದೆ ಗಾಜ್‌ನಿಂದ ಒರೆಸಬೇಕು.

ಒಂದು ತರಂಗಾಂತರವನ್ನು ನೀರು ಚೆನ್ನಾಗಿ ಹೀರಿದರೆ ಬೆಳಕು ಮೇಲ್ಪದರದಲ್ಲೇ ಮುಗಿದುಹೋಗುತ್ತದೆ. ಸೀಳು ಚೊಕ್ಕಟ, ಕೆಳಗೆ ಹಾನಿ ಕಡಿಮೆ. ನೀರು ಹೀರದಿದ್ದರೆ ಬೆಳಕು ಆಳಕ್ಕೆ ಚದುರಿಕೊಂಡು ಹೋಗುತ್ತದೆ. ರಕ್ತ ಚೆನ್ನಾಗಿ ನಿಲ್ಲುತ್ತದೆ, ಆದರೆ ಕಣ್ಣಿಗೆ ಕಾಣದ ಕಡೆ ಬೇಯುತ್ತದೆ. ಎರಡನ್ನೂ ಪೂರ್ತಿಯಾಗಿ ಕೊಡುವ ಲೇಸರ್ ಇಲ್ಲ.

ಹಂತ 3: ಒಂದೊಂದನ್ನೇ ಎದುರಿಗಿಟ್ಟು ನೋಡಿ

ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಶುರುಮಾಡೋಣ. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ತರಂಗಾಂತರ 10,600 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರ್‌ನ ಹತ್ತು ಲಕ್ಷದ ಒಂದು ಭಾಗ). ಹಲ್ಲಿಗೂ ವಸಡಿಗೂ ಆಗುವ 9,300 ನ್ಯಾನೊಮೀಟರ್‌ನದೂ ಈಗ ಬಂದಿದೆ. ನೀರು ಇದನ್ನು ಜೋರಾಗಿ ಹೀರುತ್ತದೆ, ಹಾಗಾಗಿ ಬೆಳಕು ಅಂಗಾಂಶದೊಳಗೆ ಇಳಿಯುವುದು 10ರಿಂದ 20 ಮೈಕ್ರಾನ್ ಮಾತ್ರ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ). ಪಲ್ಸ್ (ಬಿಟ್ಟು ಬಿಟ್ಟು ಬೀಳುವ ಬೆಳಕಿನ ಹೊಡೆತ) ಸರಿಯಾಗಿಟ್ಟರೆ ಅಂಚಿನ ಸುಟ್ಟ ಪದರ 100 ಮೈಕ್ರಾನ್‌ ಆಸುಪಾಸಿನಲ್ಲಿ ಉಳಿಯುತ್ತದೆ. ಸುಮಾರು ಅರ್ಧ ಮಿಲಿಮೀಟರ್‌ವರೆಗಿನ ರಕ್ತನಾಳಗಳನ್ನು ಕತ್ತರಿಸುತ್ತಲೇ ಮುಚ್ಚುತ್ತದೆ. ತುದಿ ಅಂಗಾಂಶಕ್ಕೆ ತಾಗಬೇಕಾಗಿಲ್ಲ. ಬೆಳಕೇ ಕತ್ತರಿಸುತ್ತದೆ, ನೀವು ನೋಡಿದಷ್ಟೇ ಹಾನಿ. ಕೆನ್ನೆ, ನಾಲಿಗೆ, ಗಂಟಲಿನ ಕೆಲಸ, ಮೊಂಡು ಮೂತಿಯ ನಾಯಿಗಳ ಉದ್ದವಾದ ಅಂಗುಳ ಕತ್ತರಿಸುವುದು, ಇವಕ್ಕೆಲ್ಲ ಇದರಷ್ಟು ನಂಬಿಕೆಯ ಸಾಧನ ನನಗೆ ಗೊತ್ತಿಲ್ಲ. ತೊಡಕು ಬೆಳಕನ್ನು ಸಾಗಿಸುವುದರಲ್ಲಿ. ಸಾಮಾನ್ಯ ಗಾಜಿನ ಫೈಬರ್‌ನಲ್ಲಿ ಇದು ಹಾಯುವುದಿಲ್ಲ. ಕನ್ನಡಿಗಳಿರುವ ಮಡಚುವ ತೋಳು ಬೇಕು, ಇಲ್ಲವೇ ಟೊಳ್ಳು ಕೊಳವೆ. ಮೂಲೆ ಮುಡುಕಿಗೆ ಕೈ ಹೋಗುವುದು ಕಷ್ಟ. ಬೆಲೆಯೂ ಡಯೋಡ್‌ಗಿಂತ ಎಷ್ಟೋ ಜಾಸ್ತಿ.

ಡಯೋಡ್ ಲೇಸರ್ ಈಗ ಎಲ್ಲರ ಟೇಬಲ್ ಮೇಲೂ ಇದೆ. 810, 940, 980 ನ್ಯಾನೊಮೀಟರ್‌ನವು ಸಾಮಾನ್ಯ. ಚಿಕ್ಕದು, ಹಗುರ, ಬೆಲೆಯೂ ಕೈಗೆಟಕುತ್ತದೆ. ಆದರೆ ಇದರ ಒಳಗುಟ್ಟು ಗೊತ್ತಿರಲೇಬೇಕು. ಈ ತರಂಗಾಂತರಗಳನ್ನು ನೀರು ಬಹಳ ಕಡಿಮೆ ಹೀರುತ್ತದೆ. ಸುಮ್ನೆ ಫೈಬರ್ ತುದಿಯಿಂದ ಬೆಳಕು ಬಿಟ್ಟರೆ ವಸಡು ಕತ್ತರಿಸುವುದೇ ಇಲ್ಲ, ಬೆಳಕು ಕೆಲವು ಮಿಲಿಮೀಟರ್ ಒಳಗೆ ಹೋಗಿ ಅಲ್ಲಿ ಬಿಸಿ ಮಾಡುತ್ತದೆ. ಅದಕ್ಕೇ ತುದಿಯನ್ನು ಮೊದಲು ಕಾರ್ಕ್‌ಗೋ ಹಲ್ಲು ಕಚ್ಚುವ ಜಾಗ ಗುರುತಿಸುವ ಕಪ್ಪು ಆರ್ಟಿಕ್ಯುಲೇಟಿಂಗ್ ಪೇಪರ್‌ಗೋ ತಾಗಿಸಿ ಬೆಳಕು ಬಿಡುತ್ತಾರೆ. ತುದಿಗೆ ಕರಿ ಹಿಡಿಯುತ್ತದೆ, ಆ ಕರಿ ಬೆಳಕನ್ನು ಹೀರಿ ಹಲವು ನೂರು ಡಿಗ್ರಿಗೆ ಕಾಯುತ್ತದೆ. ಆಮೇಲೆ ಕತ್ತರಿಸುವುದು ಆ ಕಾದ ತುದಿ. ಒಂದು ರೀತಿಯಲ್ಲಿ ಅದು ಕೂದಲೆಳೆಯಷ್ಟು ಸಣ್ಣ ಕಾದ ಸಲಾಕೆ. ಇದರಲ್ಲಿ ತಪ್ಪೇನಿಲ್ಲ, ವಸಡಿನ ಸಣ್ಣ ಕೆಲಸಗಳಿಗೆ ಇದು ಚೆನ್ನಾಗಿಯೇ ನಡೆಯುತ್ತದೆ, ರಕ್ತವೂ ಚೆನ್ನಾಗಿ ನಿಲ್ಲುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ಸಣ್ಣ ಕೆಲಸಕ್ಕೆ ನಾನು ಮೊದಲು ನೆನೆಯುವುದು ಇದನ್ನೇ. ಆದರೆ ಒಂದೇ ಕಡೆ ನಿಂತರೆ ಬಿಸಿ ಕೆಳಗಿಳಿಯುತ್ತದೆ. ತುದಿ ಸದಾ ಚಲಿಸುತ್ತಿರಬೇಕು. ಕರಿ ಸವೆದ ತುದಿಯಲ್ಲಿ ಕೆಲಸ ಮುಂದುವರಿಸಬಾರದು, ಆಗ ಬೆಳಕು ನೇರವಾಗಿ ಒಳಗೆ ಹೋಗುತ್ತದೆ.

1,470 ನ್ಯಾನೊಮೀಟರ್‌ನ ಡಯೋಡ್ ಬೇರೆ ಜಾತಿ. ನೀರು ಇದನ್ನು 980ಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಹೀರುತ್ತದೆ. ಮೈಸೂರಿನ ರಸ್ತೆಗಳಲ್ಲಿ ಕಾಣುವ "ಲೇಸರ್ ಪೈಲ್ಸ್ ಚಿಕಿತ್ಸೆ" ಬೋರ್ಡುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ. ಅಲ್ಲಿ ಕತ್ತರಿಸುವುದಕ್ಕಿಂತ ಒಳಗಿನಿಂದ ಬಿಸಿ ಮಾಡಿ ಕುಗ್ಗಿಸುವುದು ಮುಖ್ಯ. ಆ ಯಂತ್ರ ವಸಡು ಕತ್ತರಿಸಲೂ ಸರಿಹೋಗುತ್ತದೆ ಅಂತ ಅಂದುಕೊಳ್ಳುವ ಮೊದಲು ಮುಂದಿನ ಪರೀಕ್ಷೆ ಮಾಡಿ ನೋಡಿ.

ಎರ್ಬಿಯಂ ಯಾಗ್, 2,940 ನ್ಯಾನೊಮೀಟರ್. ನೀರು ಅತಿ ಹೆಚ್ಚು ಹೀರುವ ಜಾಗ ಇದೇ, ಬೆಳಕು ಇಳಿಯುವುದು ಒಂದು ಮೈಕ್ರಾನ್ ಸುಮಾರಿಗೆ. ಇದರ ಬಳಗದ ಎರ್ಬಿಯಂ-ಕ್ರೋಮಿಯಂ ಲೇಸರ್ 2,780 ನ್ಯಾನೊಮೀಟರ್‌ನದು. ಬಿಸಿಯ ಹಾನಿ ಬಹಳ ಕಡಿಮೆ, ಗಾಯ ಚೆನ್ನಾಗಿ ಮಾಯುತ್ತದೆ, ನೀರು ಚಿಮುಕಿಸಿಕೊಂಡು ಹಲ್ಲು, ಮೂಳೆಯನ್ನೂ ಕೊರೆಯಬಹುದು. ಆದರೆ ಬಿಸಿ ಇಲ್ಲದ ಕಡೆ ರಕ್ತವೂ ನಿಲ್ಲುವುದಿಲ್ಲ, ಅಲ್ವಾ? ಬಿಸಿಯೇ ತಾನೇ ರಕ್ತನಾಳ ಮುಚ್ಚುವುದು. ಊದಿಕೊಂಡ ವಸಡಿನ ಮೇಲೆ ಇದನ್ನು ಹಿಡಿದರೆ ಜಾಗವೆಲ್ಲ ರಕ್ತಮಯ. ತೆಳುವಾದ ವಸಡು, ಇಂಪ್ಲಾಂಟ್ ಪಕ್ಕದ ಕೆಲಸ, ಬಣ್ಣ ತೆಗೆಯುವುದು, ಇಂಥವಕ್ಕೆ ಸೊಗಸು. ಬರೀ ಮೃದು ಅಂಗಾಂಶಕ್ಕೆ ಅಂತ ಇಷ್ಟು ದುಬಾರಿ ಯಂತ್ರ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಎನ್‌ಡಿ-ಯಾಗ್, 1,064 ನ್ಯಾನೊಮೀಟರ್. ಇದೂ 1964ರಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಬಂದದ್ದು. ತೀರ ಆಳಕ್ಕೆ ಹೋಗುತ್ತದೆ, ಕೆಲವು ಮಿಲಿಮೀಟರ್ ದಪ್ಪದ ಅಂಗಾಂಶವನ್ನು ಬೇಯಿಸಬಲ್ಲದು. ರಕ್ತನಾಳಗಳ ಗಂಟಿಗೆ ಇದು ಬಲವಾದ ಸಾಧನ, ಆದರೆ ಕತ್ತರಿಸುವ ಸಾಧನವಲ್ಲ. ಇಂಪ್ಲಾಂಟ್ ಹತ್ತಿರ ಇದನ್ನು ದೂರವಿಡಿ. ಮೂಳೆಯನ್ನು 47 ಡಿಗ್ರಿಯಲ್ಲಿ 1 ನಿಮಿಷ ಇಟ್ಟರೆ ಸಾಕು ಹಾನಿ ಶುರುವಾಗುತ್ತದೆ.

ಹೋಲ್ಮಿಯಂ (2,100 ನ್ಯಾನೊಮೀಟರ್) ಮತ್ತು ಥೂಲಿಯಂ (2,000 ನ್ಯಾನೊಮೀಟರ್ ಹತ್ತಿರ) ಹೆಚ್ಚಾಗಿ ಮೂತ್ರಕೋಶದ ಕಡೆಯ ವೈದ್ಯರ ಲೇಸರ್‌ಗಳು. ಫೈಬರ್‌ನಲ್ಲಿ ಹಾಯುತ್ತವೆ, ನೀರೊಳಗೂ ಕೆಲಸ ಮಾಡುತ್ತವೆ, ಪ್ರಾಸ್ಟೇಟ್‌ಗೂ ಕಲ್ಲಿಗೂ ಆಗುತ್ತವೆ. 532 ನ್ಯಾನೊಮೀಟರ್‌ನ ಹಸಿರು ಕೆಟಿಪಿ ಲೇಸರನ್ನು ಹಿಮೋಗ್ಲೋಬಿನ್ ಹೀರುತ್ತದೆ, ಆದ್ದರಿಂದ ರಕ್ತನಾಳದ ಕೆಲಸಕ್ಕೆ ಒಳ್ಳೆಯದು. ಸಣ್ಣ ಕ್ಲಿನಿಕ್‌ಗೆ ಈ ಮೂರೂ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಹಂತ 4: ವ್ಯಾಟ್ ಬಿಡಿ, ಚುಕ್ಕೆ ಅಳತೆ ಕೇಳಿ

ಬೆಳಕೇ ಕತ್ತರಿಸುವ ಲೇಸರ್‌ಗಳಲ್ಲಿ ಮುಖ್ಯವಾದದ್ದು ವ್ಯಾಟ್ ಅಲ್ಲ, ಒಂದು ಚದರ ಸೆಂಟಿಮೀಟರ್‌ಗೆ ಎಷ್ಟು ವ್ಯಾಟ್ ಅನ್ನುವುದು. ಲೆಕ್ಕ ಮಾಡಿ ನೋಡೋಣ. 5 ವ್ಯಾಟ್ ಬೆಳಕನ್ನು 0.4 ಮಿಲಿಮೀಟರ್ ಅಗಲದ ಚುಕ್ಕೆಗೆ ಹಾಯಿಸಿದರೆ ಚದರ ಸೆಂಟಿಮೀಟರ್‌ಗೆ ಸುಮಾರು 4,000 ವ್ಯಾಟ್ ಆಗುತ್ತದೆ. ಚುಕ್ಕೆಯನ್ನು 0.2 ಮಿಲಿಮೀಟರ್‌ಗೆ ಇಳಿಸಿದರೆ ಸುಮಾರು 16,000. 0.8 ಮಿಲಿಮೀಟರ್‌ಗೆ ಅಗಲಿಸಿದರೆ ಸುಮಾರು 1,000. ವ್ಯಾಟ್ ಅದೇ 5, ಆದರೆ ಅಂಗಾಂಶಕ್ಕೆ ಸಿಗುವ ಬಲದಲ್ಲಿ 16 ಪಟ್ಟು ವ್ಯತ್ಯಾಸ. ಅದಕ್ಕೇ ಕಾರ್ಬನ್ ಡೈಆಕ್ಸೈಡ್ ಲೇಸರ್‌ನಲ್ಲಿ ಕತ್ತರಿಸಬೇಕಾದಾಗ ಫೋಕಸ್‌ಗೆ ಹತ್ತಿರ ಹಿಡಿಯುತ್ತೇವೆ, ರಕ್ತ ನಿಲ್ಲಿಸಬೇಕಾದಾಗ ಕೈಯನ್ನು ಸ್ವಲ್ಪ ಹಿಂದಕ್ಕೆ ತರುತ್ತೇವೆ. ಯಂತ್ರದ ಬಟನ್ ಮುಟ್ಟುವ ಅಗತ್ಯವೇ ಇಲ್ಲ.

ಇನ್ನೊಂದು ಪಲ್ಸ್. ಬೆಳಕು ಬಿಟ್ಟೂ ಬಿಡದೆ ಬೀಳುತ್ತಿದ್ದರೆ ಬಿಸಿ ಪಕ್ಕಕ್ಕೆ ಹರಡುತ್ತದೆ. ಚಿಕ್ಕ ಚಿಕ್ಕ, ಬಲವಾದ ಹೊಡೆತಗಳಾಗಿ ಬಂದರೆ ಪ್ರತಿ ಹೊಡೆತಕ್ಕೂ ಒಂದು ತೆಳು ಪದರ ಆವಿಯಾಗುತ್ತದೆ, ಮಧ್ಯದ ಬಿಡುವಿನಲ್ಲಿ ಉಳಿದ ಭಾಗ ತಣಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಬೆಳಕು ಇಳಿಯುವಷ್ಟು ತೆಳು ಪದರ ತಣಿಯಲು ಒಂದು ಮಿಲಿಸೆಕೆಂಡ್‌ಗಿಂತಲೂ ಕಡಿಮೆ ಹೊತ್ತು ಸಾಕು. ಪಲ್ಸ್ ಅದಕ್ಕಿಂತ ಚಿಕ್ಕದಾಗಿರಬೇಕು. ಸೂಪರ್‌ಪಲ್ಸ್ ಅನ್ನುವ ಸೌಲಭ್ಯ ಇರುವುದು ಇದಕ್ಕೇ. ಮಾರುವವರನ್ನು ಹೀಗೆ ಕೇಳಿ: ಪಲ್ಸ್ ಎಷ್ಟು ಮೈಕ್ರೊಸೆಕೆಂಡ್, ಗರಿಷ್ಠ ಬಲ ಎಷ್ಟು, ಸರಾಸರಿ ಎಷ್ಟು, ತುದಿಯಲ್ಲಿ ಚುಕ್ಕೆ ಎಷ್ಟು ಅಗಲ? ಈ ನಾಲ್ಕಕ್ಕೂ ಉತ್ತರ ಬರೆದುಕೊಡದವರ ಯಂತ್ರವನ್ನು ನಾನಾದರೆ ಮುಂದೆ ನೋಡುವುದಿಲ್ಲ.

ಹಂತ 5: ಡೆಮೊ ನಿಮ್ಮ ಷರತ್ತಿನ ಮೇಲೆ ನಡೆಯಲಿ

ಈ ಹಂತ ಬಿಡಬೇಡಿ. ಡೆಮೊಗೆ ಬರುವವರು ಟೊಮೆಟೊ ಅಥವಾ ಕೋಳಿ ತುಂಡು ತರುತ್ತಾರೆ. ಟೊಮೆಟೊ ಎಲ್ಲದರಲ್ಲೂ ಚೆನ್ನಾಗಿಯೇ ಕಟ್ ಆಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಮಾಂಸದಂಗಡಿಯಿಂದ ತಾಜಾ ಕುರಿ ನಾಲಿಗೆ ತನ್ನಿ. ಬನ್ನೂರು ಕುರಿಯ ಸೀಮೆಯಲ್ಲಿರುವ ನಮಗೆ ಅದು ಸಿಗುವುದು ಕಷ್ಟವಲ್ಲ. ಬಾಯಿಯ ಒಳಚರ್ಮ ಮತ್ತು ಸ್ನಾಯು ಎರಡೂ ಇರುವುದರಿಂದ ನಮ್ಮ ಕೆಲಸಕ್ಕೆ ಹತ್ತಿರ. ಐಸ್‌ನಲ್ಲಿ ತಂದು, ಡೆಮೊಗೆ ಮೊದಲು ಕೋಣೆಯ ಬಿಸಿಗೆ ಬರಲು ಬಿಡಿ. ತಣ್ಣಗಿರುವ ಮಾಂಸದ ಮೇಲೆ ಸುಟ್ಟ ಪದರ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ನಾಲಿಗೆಯನ್ನು ಹಲಗೆಯ ಮೇಲೆ ಪಿನ್ ಹಾಕಿ ಬಿಗಿಯಾಗಿ ಎಳೆದು ಕಟ್ಟಿ. ಸ್ಕೆಚ್ ಪೆನ್‌ನಿಂದ ಅಲ್ಲ, ಬ್ಲೇಡಿನಿಂದ ತೆಳುವಾಗಿ 2 ಸೆಂಟಿಮೀಟರ್ ಉದ್ದದ ಗೆರೆಗಳನ್ನು ಹಾಕಿಕೊಳ್ಳಿ. ಬಣ್ಣ ಬೆಳಕನ್ನು ಹೀರಿದರೆ ಫಲಿತಾಂಶ ಕೆಡುತ್ತದೆ. ಪ್ರತಿ ಯಂತ್ರಕ್ಕೂ ಕಂಪನಿಯವರೇ ಹೇಳುವ ಸೆಟ್ಟಿಂಗ್‌ನಲ್ಲಿ ಒಂದು ಗೆರೆ, ಅದರ ಅರ್ಧ ಬಲದಲ್ಲಿ ಒಂದು, ಒಂದೂವರೆ ಪಟ್ಟಿನಲ್ಲಿ ಒಂದು. ಕೈ ನಿಮ್ಮದೇ ಇರಲಿ. ಡೆಮೊ ಮಾಡುವವರ ಕೈ ಪಳಗಿರುತ್ತದೆ. ಒಂದು ಸೆಂಟಿಮೀಟರ್‌ಗೆ ಎರಡು ಮೂರು ಸೆಕೆಂಡ್‌ನ ವೇಗದಲ್ಲಿ ಹೋಗಿ. ಯಾರಾದರೂ ಪಕ್ಕದಲ್ಲಿ ಫೋನಿನಲ್ಲಿ ಸಮಯ ನೋಡುತ್ತಿರಲಿ. ಹೋಲಿಕೆಗೆ ನಿಮ್ಮ ಕಾಟರಿಯಲ್ಲೂ ಒಂದು ಗೆರೆ, ಬ್ಲೇಡಿನಲ್ಲೂ ಒಂದು ಗೆರೆ ಎಳೆಯಿರಿ.

ಆಮೇಲೆ ಪ್ರತಿ ಸೀಳಿಗೆ ಅಡ್ಡಲಾಗಿ ಹೊಸ ಬ್ಲೇಡಿನಿಂದ ಕತ್ತರಿಸಿ ಒಳಗೆ ನೋಡಿ. ಭೂತಗನ್ನಡಿ ಸಾಕು, ಲೂಪ್ಸ್ (ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ) ಇದ್ದರೆ ಇನ್ನೂ ಒಳ್ಳೆಯದು. ಸೀಳು ಎಷ್ಟು ಆಳ, ಬಾಯಿ ಎಷ್ಟು ಅಗಲ, ಅಂಚಿನಲ್ಲಿ ಕರಿ ಇದೆಯಾ, ಅದರಾಚೆಗೆ ಬೆಳ್ಳಗಾದ ಪಟ್ಟಿ ಎಷ್ಟು ದಪ್ಪ? ಅಳತೆಪಟ್ಟಿ ಇಟ್ಟು ಫೋಟೊ ತೆಗೆದುಕೊಳ್ಳಿ. ಬೆಳ್ಳಗಾದ ಪಟ್ಟಿ ಸೀಳಿನ ತಳದಲ್ಲಿ ಪಕ್ಕಕ್ಕಿಂತ ಬಹಳ ದಪ್ಪವಿದ್ದರೆ ಬೆಳಕು ಕೆಳಕ್ಕೆ ಇಳಿಯುತ್ತಿದೆ ಅಂತ ತಿಳಿಯಿರಿ. ಮೂಳೆಯ ಹತ್ತಿರದ ಕೆಲಸಕ್ಕೆ ಅದು ಬೇಡ. ಸರಿಯಾಗಿ ತಿಳಿಯಬೇಕೆಂದರೆ ತುಂಡುಗಳನ್ನು ಫಾರ್ಮಲಿನ್‌ನಲ್ಲಿ ಹಾಕಿ ಪೆಥಾಲಜಿಗೆ ಕಳಿಸಿ. ಮೈಸೂರಿನಲ್ಲೂ ಮಂಡ್ಯದಲ್ಲೂ ವೈದ್ಯಕೀಯ ಕಾಲೇಜುಗಳಿವೆ. ಪರಿಚಯದ ಪೆಥಾಲಜಿಸ್ಟ್ ಒಬ್ಬರು ಸ್ಲೈಡ್ ಮಾಡಿ ಸುಟ್ಟ ಪದರವನ್ನು ಮೈಕ್ರಾನ್‌ನಲ್ಲಿ ಅಳೆದುಕೊಟ್ಟರೆ, ಅದಕ್ಕಿಂತ ಒಳ್ಳೆಯ ಕ್ಯಾಟಲಾಗ್ ಬೇರೆ ಇಲ್ಲ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ಸತ್ತ ಮಾಂಸದಲ್ಲಿ ರಕ್ತ ಹರಿಯುವುದಿಲ್ಲ. ರಕ್ತ ಎಷ್ಟು ನಿಲ್ಲುತ್ತದೆ ಅನ್ನುವುದು ಇಲ್ಲಿ ಗೊತ್ತಾಗದು, ಹರಿಯುವ ರಕ್ತ ಬಿಸಿಯನ್ನು ಒಯ್ಯುವುದೂ ಇಲ್ಲಿ ಇಲ್ಲ. ಅದನ್ನು ನೋಡಲು ಆ ಯಂತ್ರವನ್ನು ಈಗಾಗಲೇ ಬಳಸುತ್ತಿರುವ ವೈದ್ಯರ ಬಳಿ ಹೋಗಿ, ರೋಗಿಯ ಒಪ್ಪಿಗೆ ಪಡೆದು, ಒಂದು ನಿಜವಾದ ಕೇಸನ್ನು ಪಕ್ಕದಲ್ಲಿ ನಿಂತು ನೋಡಿ. ಒಂದು ವಾರದ ನಂತರ ಅದೇ ಗಾಯ ಹೇಗಿದೆ ಅಂತಲೂ ಕೇಳಿ. ಎಲ್ಲರೂ ಮೊದಲ ದಿನದ ಫೋಟೊ ತೋರಿಸುತ್ತಾರೆ, ಏಳನೇ ದಿನದ್ದನ್ನು ಕೇಳಿ ಪಡೆಯಬೇಕು.

ಪವರ್ ಮೀಟರ್ ತರಲು ಹೇಳಿ. ಪರದೆಯ ಮೇಲೆ 3 ವ್ಯಾಟ್ ಅಂತ ಇದ್ದರೂ ತುದಿಯಿಂದ ಹೊರಬರುವುದು ಕಡಿಮೆ ಇರಬಹುದು. ಫೈಬರ್, ಕನ್ನಡಿ, ಸವೆದ ತುದಿ ಎಲ್ಲವೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ.

ಹಂತ 6: ಕರೆಂಟು, ನೀರು, ಸರ್ವಿಸ್

ಡಯೋಡ್ ಕರೆಂಟನ್ನು ಬೆಳಕಾಗಿಸುವುದರಲ್ಲಿ ಬಲು ಮುಂದು, ಬ್ಯಾಟರಿಯಲ್ಲೂ ನಡೆಯುತ್ತದೆ. ಕಾರ್ಬನ್ ಡೈಆಕ್ಸೈಡ್ ಮಧ್ಯದಲ್ಲಿದೆ. ಲ್ಯಾಂಪ್ ಇರುವ ಯಾಗ್ ಲೇಸರ್‌ಗಳಲ್ಲಿ ಹೆಚ್ಚಿನ ಕರೆಂಟೆಲ್ಲ ಬಿಸಿಯಾಗಿಯೇ ಹೋಗುತ್ತದೆ, ಅದನ್ನು ತಣಿಸುವ ವ್ಯವಸ್ಥೆಯೂ ದೊಡ್ಡದಿರಬೇಕು. ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿಯುವ ಕಡೆ ಕ್ಲಿನಿಕ್ ಇದ್ದರೆ ಆನ್‌ಲೈನ್ ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಕಾರ್ಬನ್ ಡೈಆಕ್ಸೈಡ್ ಯಂತ್ರ ಇಡಬೇಡಿ.

ಕಾರ್ಬನ್ ಡೈಆಕ್ಸೈಡ್‌ನಲ್ಲಿ ಎರಡು ಬಗೆಯ ಟ್ಯೂಬ್‌ಗಳಿವೆ. ಗಾಜಿನ ಟ್ಯೂಬ್ ಅಗ್ಗ, ಆದರೆ ನೀರಿನಿಂದ ತಣಿಸಬೇಕು, ಆಯಸ್ಸು ಕಡಿಮೆ. ಆರ್‌ಎಫ್ (ರೇಡಿಯೊ ತರಂಗದಿಂದ ನಡೆಯುವ) ಅನ್ನುವ ಲೋಹದ ಟ್ಯೂಬ್ ದುಬಾರಿ, ಪಲ್ಸ್ ಚುರುಕು, ಜಾಸ್ತಿ ದಿನ ಬಾಳುತ್ತದೆ, ಅನಿಲ ಮತ್ತೆ ತುಂಬಿಸಬಹುದು. ಕತ್ತರಿಸುವ ಕೆಲಸಕ್ಕೆ ಆರ್‌ಎಫ್ ಅನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಗಾಜಿನ ಟ್ಯೂಬೇ ತೆಗೆದುಕೊಂಡರೆ ಅದಕ್ಕೆ ಡಿಸ್ಟಿಲ್ಡ್ ನೀರು ಮಾತ್ರ. ನಮ್ಮ ಬೋರ್‌ವೆಲ್‌ಗಳ ಗಡಸು ನೀರು ಹಾಕಿದರೆ ಒಳಗೆಲ್ಲ ಉಪ್ಪು ಕಟ್ಟುತ್ತದೆ.

ಸರ್ವಿಸ್ ಎಂಜಿನಿಯರ್ ಬಹುತೇಕ ಬೆಂಗಳೂರಿನಿಂದ ಬರಬೇಕು. ಎಕ್ಸ್‌ಪ್ರೆಸ್‌ವೇ ಆದ ಮೇಲೆ ದಾರಿ ಹತ್ತಿರವಾಗಿದೆ, ಆದರೆ ಅವರು ಯಾವತ್ತು ಹೊರಡುತ್ತಾರೆ ಅನ್ನುವುದೇ ಪ್ರಶ್ನೆ. ಕರೆ ಮಾಡಿದ ಎಷ್ಟು ಗಂಟೆಯೊಳಗೆ ಬರಬೇಕು, ತಡವಾದರೆ ಬದಲಿ ಯಂತ್ರ ಕೊಡುತ್ತಾರಾ, ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಸೇರಿದೆಯಾ, ಇವನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ತುದಿ, ಫೈಬರ್, ಹ್ಯಾಂಡ್‌ಪೀಸ್‌ಗಳ ವರ್ಷದ ಖರ್ಚನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಮೆಡಿಕಲ್ ಡಿವೈಸಸ್ ರೂಲ್ಸ್ 2017ರ ಪ್ರಕಾರ ಪಡೆದ ಆಮದು ಅಥವಾ ತಯಾರಿಕೆ ಲೈಸೆನ್ಸ್ ಪ್ರತಿ ಕೇಳಿ. ಬಿಲ್ ಮೇಲಿನ ಮಾಡೆಲ್ ನಂಬರ್ ಮತ್ತು ಲೈಸೆನ್ಸ್‌ನಲ್ಲಿರುವುದು ಒಂದೇನಾ ಅಂತ ನೋಡಿ.

ಹಂತ 7: ಕೋಣೆ ಸಿದ್ಧಮಾಡುವುದು

ಕತ್ತರಿಸುವ ಲೇಸರ್‌ಗಳೆಲ್ಲ ಸಾಮಾನ್ಯವಾಗಿ 4ನೇ ವರ್ಗದವು, ಅಂದರೆ ಅತಿ ಅಪಾಯದ ವರ್ಗ. ಕನ್ನಡಕದ ವಿಷಯದಲ್ಲಿ ರಾಜಿ ಬೇಡವೇ ಬೇಡ. ಡಯೋಡ್, ಎನ್‌ಡಿ-ಯಾಗ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣೊಳಗೆ ಹಾಯ್ದು ರೆಟಿನಾ ಸುಡುತ್ತದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಕಾರ್ಬನ್ ಡೈಆಕ್ಸೈಡ್, ಎರ್ಬಿಯಂ ಕಾರ್ನಿಯಾವನ್ನು ಸುಡುತ್ತವೆ. ಒಂದಕ್ಕೆ ಮಾಡಿದ ಕನ್ನಡಕ ಇನ್ನೊಂದಕ್ಕೆ ಆಗದು. ಕನ್ನಡಕದ ಮೇಲೆ ತರಂಗಾಂತರ ಮತ್ತು ಓಡಿ ಅನ್ನುವ ಅಂಕೆ ಅಚ್ಚಾಗಿರಬೇಕು. ಓಡಿ 5 ಅಂದರೆ ಬೆಳಕು ಲಕ್ಷದ ಒಂದು ಭಾಗಕ್ಕೆ ಇಳಿಯುತ್ತದೆ. ವೈದ್ಯರಿಗೆ, ಸಹಾಯಕರಿಗೆ, ರೋಗಿಗೆ, ಮಗುವನ್ನು ಹಿಡಿದು ಕೂತ ತಾಯಿಗೆ, ಎಲ್ಲರಿಗೂ ಬೇಕು. ಹೊಳೆಯುವ ಸ್ಟೀಲ್ ಸಾಧನ, ಬಾಯಿ ಕನ್ನಡಿ ಬೆಳಕನ್ನು ತಿರುಗಿಸುತ್ತವೆ ಅನ್ನುವುದೂ ನೆನಪಿರಲಿ. ಕಿಟಕಿಯ ಗಾಜು ಕಾರ್ಬನ್ ಡೈಆಕ್ಸೈಡ್ ಬೆಳಕನ್ನು ತಡೆಯುತ್ತದೆ, ಡಯೋಡ್‌ನದನ್ನು ತಡೆಯುವುದಿಲ್ಲ. ರಸ್ತೆ ಬದಿಯ ಕ್ಲಿನಿಕ್‌ನಲ್ಲಿ ಕಿಟಕಿ ಮುಚ್ಚಿ, ಬಾಗಿಲಿಗೆ ಎಚ್ಚರಿಕೆ ಬೋರ್ಡ್ ಹಾಕಿ.

ಹೊಗೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನರಹುಲಿ ಸುಡುವಾಗ ಏಳುವ ಹೊಗೆಯಲ್ಲಿ ನರಹುಲಿಗೆ ಕಾರಣವಾಗುವ ಎಚ್‌ಪಿವಿ ವೈರಸ್‌ನ ಡಿಎನ್ಎ ಸಿಕ್ಕಿದೆ. ಮಾಮೂಲಿ ಸರ್ಜಿಕಲ್ ಮಾಸ್ಕ್ ಸಾಲದು, ಎನ್‌95 ಹಾಕಿ. ಹೊಗೆ ಎಳೆಯುವ ಯಂತ್ರದ ಕೊಳವೆ ಗಾಯದಿಂದ 5 ಸೆಂಟಿಮೀಟರ್ ಒಳಗೇ ಇರಲಿ. ಸ್ಪಿರಿಟ್ ಹಚ್ಚಿದ್ದರೆ ಪೂರ್ತಿ ಒಣಗಲು ಬಿಡಿ. ಸುತ್ತಲೂ ಒದ್ದೆ ಗಾಜ್, ಕೈಗೆ ಸಿಗುವಂತೆ ಸಲೈನ್ ಇರಲಿ. ಗಂಟಲಿನಲ್ಲಿ ಟ್ಯೂಬ್ ಹಾಕಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಬೆಂಕಿ ಹತ್ತದ ಹಾಗೆ ಉಸಿರಿಗೆ ಕೊಡುವ ಅನಿಲದಲ್ಲಿ ಆಮ್ಲಜನಕ 30 ಶೇಕಡಾಕ್ಕಿಂತ ಕಡಿಮೆ ಇರಬೇಕು, ಟ್ಯೂಬ್ ಲೇಸರ್‌ಗೆ ತಡೆಯುವಂಥದ್ದಾಗಿರಬೇಕು. ನೈಟ್ರಸ್ ಆಕ್ಸೈಡ್ ಕೂಡ ಬೆಂಕಿಗೆ ಸಹಾಯ ಮಾಡುತ್ತದೆ. ಆ ಮಟ್ಟದ ಕೆಲಸ ದೊಡ್ಡ ಆಸ್ಪತ್ರೆಯ ಥಿಯೇಟರ್‌ನಲ್ಲೇ ಆಗಲಿ.

ಹಂತ 8: ಮೊದಲ ಕೇಸುಗಳು, ಮತ್ತು ಆ ಬಿಳಿ ಮಚ್ಚೆ

ಬುದ್ಧಿಹಲ್ಲಿನ ಮೇಲಿನ ವಸಡು, ಬೆಳೆದ ವಸಡು ಇಂಥ ಸುಲಭದ ಕೇಸುಗಳಿಂದ ಶುರುಮಾಡಿ. "ಇಂಜೆಕ್ಷನ್ ಬೇಡ" ಅಂತ ಮೊದಲೇ ಮಾತು ಕೊಡಬೇಡಿ. ಕತ್ತರಿಸುವ ಕೆಲಸಕ್ಕೆ ಮರಗಟ್ಟಿಸುವುದು ಬೇಕಾಗುತ್ತದೆ. ಕಡಿಮೆ ಬಲದಿಂದ ಆರಂಭಿಸಿ, ಕತ್ತರಿಸಲು ಸಾಕಾಗುವಷ್ಟಕ್ಕೆ ಮಾತ್ರ ಏರಿಸಿ. ಇನ್ನೊಂದು ಕೈಯಲ್ಲಿ ಅಂಗಾಂಶವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಬ್ಲೇಡಿನಲ್ಲಿ ಕೈಗೆ ಸಿಗುವ ಸ್ಪರ್ಶ ಬೆಳಕಿನಲ್ಲಿ ಸಿಗುವುದಿಲ್ಲ, ಬಿಗಿತದಿಂದ ಬಾಯಿಬಿಡುವ ಸೀಳನ್ನು ನೋಡಿಯೇ ಆಳ ತಿಳಿಯಬೇಕು.

ಈಗ ಅಡಿಕೆ, ಹೊಗೆಸೊಪ್ಪಿನವರ ವಿಷಯ. ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಕಾರಣ ತಿಳಿಯದ ಕಪ್ಪು ಕಲೆ, ಇವುಗಳನ್ನು ಬಯಾಪ್ಸಿ (ತುಂಡು ತೆಗೆದು ಲ್ಯಾಬ್‌ನಲ್ಲಿ ಪರೀಕ್ಷೆ) ಮಾಡದೆ ಲೇಸರ್‌ನಿಂದ ಆವಿ ಮಾಡಬೇಡಿ. ಆವಿಯಾಗಿ ಹೋದ ಅಂಗಾಂಶವನ್ನು ಯಾರೂ ಮೈಕ್ರೊಸ್ಕೋಪ್‌ನಲ್ಲಿ ನೋಡಲಾರರು. ಕೆಳಗೆ ಕ್ಯಾನ್ಸರ್ ಇದ್ದರೆ ಮೇಲೆ ಚೊಕ್ಕಟವಾಗಿ ಮಾಯ್ದು, ಒಳಗೆ ಬೆಳೆಯುತ್ತಾ ಹೋಗುತ್ತದೆ. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಜನ ಈಗಾಗಲೇ ತಡವಾಗಿಯೇ ಬಾಯಿ ತೋರಿಸಲು ಬರುತ್ತಾರೆ. ಅವರಿಗೆ ಇನ್ನೂ ತಡ ಮಾಡಿಸುವುದು ನಮ್ಮಿಂದ ಆಗಬಾರದು.

ಬಯಾಪ್ಸಿಗೆ ನನ್ನ ಆಯ್ಕೆ ಬ್ಲೇಡ್. ಲೇಸರ್‌ನಲ್ಲೇ ತೆಗೆಯಬೇಕಾದರೆ ಕಾರ್ಬನ್ ಡೈಆಕ್ಸೈಡ್‌ನ ಪಲ್ಸ್ ಬಳಸಿ. ಅಂಚು ಸುಟ್ಟಿದ್ದರೆ ಜೀವಕೋಶದ ಆಕಾರ ಕೆಟ್ಟು ಪೆಥಾಲಜಿಸ್ಟ್‌ಗೆ ಏನೂ ತಿಳಿಯುವುದಿಲ್ಲ, ಹಾಗಾಗಿ ಮಚ್ಚೆಯ ಅಂಚಿನಿಂದ ಎಂದಿಗಿಂತ ಒಂದು ಮಿಲಿಮೀಟರ್ ಆಚೆಗೆ ಗೆರೆ ಹಾಕಿ. ತೆಗೆದ ತುಂಡಿನ ಒಂದು ತುದಿಗೆ ದಾರದ ಗುರುತು ಕಟ್ಟಿ. ಪೆಥಾಲಜಿ ಫಾರಂನಲ್ಲಿ ರೋಗಿಯ ಅಡಿಕೆ-ತಂಬಾಕಿನ ಅಭ್ಯಾಸ, ಮಚ್ಚೆ ಇದ್ದ ಜಾಗ, ಬಳಸಿದ ಲೇಸರ್, ತರಂಗಾಂತರ, ವ್ಯಾಟ್ ಮತ್ತು ಪಲ್ಸ್ ಸೆಟ್ಟಿಂಗ್ ಎಲ್ಲವನ್ನೂ ಬರೆಯಿರಿ. ವರದಿ ಬರುವ ತಾರೀಖನ್ನು ರೋಗಿಯ ಚೀಟಿಯ ಮೇಲೂ ನಿಮ್ಮ ಡೈರಿಯಲ್ಲೂ ಬರೆದುಕೊಂಡು, ಅವತ್ತು ಅವರು ಬರದಿದ್ದರೆ ನೀವೇ ಫೋನ್ ಮಾಡಿ ಕರೆಸಿ.